ಮದುವೆಯ ಸೀರೆ: ನೂಲು, ನೇಯ್ಗೆ, ಜರಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಗಾದೆ ಕಟ್ಟಿದ ಹಿರಿಯರು “ಜವಳಿ ತೆಗೆದು ನೋಡು” ಎಂಬ ಮೂರನೆಯ ಮಾತನ್ನು ಸೇರಿಸಲು ಮರೆತರೆಂದೇ ತೋರುತ್ತದೆ. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ಬಸವೇಶ್ವರನಗರವಾಗಲಿ, ಮದುವೆ ನಿಶ್ಚಯವಾದ ಮನೆಯಲ್ಲಿ ಛತ್ರವೂ ಅಡಿಗೆಯವರೂ ಗೊತ್ತಾಗುವ ಮೊದಲೇ ಜವಳಿಯ ಮಾತು ಏಳುತ್ತದೆ. ನಿಶ್ಚಿತಾರ್ಥಕ್ಕೊಂದು, ವರಪೂಜೆಗೊಂದು, ಧಾರೆಗೊಂದು, ಆರತಕ್ಷತೆಗೊಂದು ಸೀರೆ. ಬೀಗಿತ್ತಿಗೆ ಒಂದು, ಸೋದರತ್ತೆಗೆ ಒಂದು. ಪಟ್ಟಿ ಬೆಳೆದಂತೆ ಮನೆಯ ಯಜಮಾನರ ಮುಖ ಚಿಕ್ಕದಾಗುತ್ತ ಬರುತ್ತದೆ. ಆದರೂ ಒಂದು ದಿನ ಮನೆಮಂದಿಯೆಲ್ಲ ಚಿಕ್ಕಪೇಟೆಗೋ ಹತ್ತಿರದ ದೊಡ್ಡ ಅಂಗಡಿಗೋ ಹೊರಟು ನಿಲ್ಲುತ್ತಾರೆ.

ಅಂಗಡಿಯಲ್ಲಿ ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಬಣ್ಣ ಒಪ್ಪೀತೇ, ಅಂಚು ಎಷ್ಟು ಅಗಲ, ಬೆಲೆ ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹತ್ತರಲ್ಲಿ ಒಂಬತ್ತು ಮಂದಿ ಕೇಳುವುದೇ ಇಲ್ಲ. ಇದರ ನೂಲು ಯಾವುದು? ನೇಯ್ಗೆ ಯಾವುದು? ಜರಿ ಯಾವುದು? ಅಕ್ಕಿಯನ್ನು ಕೊಳ್ಳುವಾಗ ಹೊಸದೋ ಹಳೆಯದೋ ಎಂದು ಕೈಯಲ್ಲಿ ಹಿಡಿದು ನೋಡುವ ಗೃಹಿಣಿ, ವರ್ಷಗಳ ಉಳಿತಾಯವನ್ನು ಸುರಿದು ಕೊಳ್ಳುವ ಸೀರೆಯ ವಿಷಯದಲ್ಲಿ ಅಂಗಡಿಯವನ ಮಾತನ್ನೇ ವೇದವಾಕ್ಯವೆಂದು ನಂಬಿಬಿಡುತ್ತಾಳೆ. ನಂಬಿದವರೆಲ್ಲ ಮೋಸಹೋಗುತ್ತಾರೆಂದು ಅರ್ಥವಲ್ಲ. ಮೋಸಹೋದವರಿಗೆ ತಾವು ಮೋಸಹೋದದ್ದು ತಿಳಿಯುವುದೇ ಇಲ್ಲ, ಕಷ್ಟವಿರುವುದು ಅಲ್ಲಿ.

ನೂಲಿನ ಪ್ರಶ್ನೆ

ನೂಲು ಬೇರೆ, ನೇಯ್ಗೆ ಬೇರೆ. ಇದು ಮೊದಲ ಪಾಠ. ರೇಷ್ಮೆ, ಹತ್ತಿ, ಉಣ್ಣೆ ಇವು ನೂಲಿನ ಹೆಸರುಗಳು. ಸ್ಯಾಟಿನ್, ಕ್ರೇಪ್, ಜಾರ್ಜೆಟ್ ಇವು ಆ ನೂಲನ್ನು ಹುರಿಮಾಡಿದ, ನೆಯ್ದ ಬಗೆಯ ಹೆಸರುಗಳು. ರೇಷ್ಮೆಯಿಂದಲೂ ಸ್ಯಾಟಿನ್ ಆಗುತ್ತದೆ, ಪಾಲಿಯೆಸ್ಟರಿನಿಂದಲೂ ಆಗುತ್ತದೆ. ಕಣ್ಣಿಗೆ ಎರಡೂ ಮಿರುಗುತ್ತವೆ, ಬೆಲೆಯಲ್ಲಿ ಅಜಗಜಾಂತರ. ಬೆಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ವಧುವಿಗೆ ಬಿಳಿಯ ಗೌನು ಹೊಲಿಸುವವರಿಗೂ, ಕಾಂಚಿ ಸೀರೆ ಕೊಳ್ಳುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. “ಸ್ಯಾಟಿನ್ ಕೊಡಿ” ಎಂದರೆ ಅರ್ಧ ಪ್ರಶ್ನೆ ಮಾತ್ರ. “ಯಾವ ನೂಲಿನ ಸ್ಯಾಟಿನ್?” ಎಂದಾಗಲೇ ಅದು ಪೂರ್ತಿಯಾಗುವುದು.

ಬಿಳಿಯ ಗೌನಿನ ಸಂಪ್ರದಾಯ ಬಹಳ ಪ್ರಾಚೀನವಾದುದೇನೂ ಅಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ವಿವಾಹದಲ್ಲಿ ಬಿಳಿಯ ರೇಷ್ಮೆ ಸ್ಯಾಟಿನ್ ಉಡುಪನ್ನು ತೊಟ್ಟ ಮೇಲೆ ಅದು ವಿಶೇಷವಾಗಿ ಹಬ್ಬಿತು. ಅವಳ ವಂಶದ ರಾಜಕುಮಾರಿ ಎಲಿಜಬೆತ್ 1947ರ ನವೆಂಬರಿನಲ್ಲಿ ಮದುವೆಯಾದಾಗ ಇಂಗ್ಲೆಂಡಿನಲ್ಲಿ ಬಟ್ಟೆಗೆ ಪಡಿತರವಿತ್ತು. ರಾಜಕುಮಾರಿಯೂ ಕೂಪನ್ನುಗಳನ್ನು ಕೂಡಿಡಬೇಕಾಯಿತು. ಆಗ ಎದ್ದ ಒಂದು ಪ್ರಶ್ನೆ ಸ್ವಾರಸ್ಯವಾದದ್ದು. ಉಡುಪಿನ ರೇಷ್ಮೆ ಯಾವ ದೇಶದ ಹುಳುವಿನದು? ಯುದ್ಧದಲ್ಲಿ ಶತ್ರುಗಳಾಗಿದ್ದ ಜಪಾನು, ಇಟಲಿಗಳದ್ದಲ್ಲವಷ್ಟೆ? ಹುಳುಗಳು ಚೀನಾದವೆಂದು ಉಡುಪನ್ನು ರೂಪಿಸಿದ ನಾರ್ಮನ್ ಹಾರ್ಟ್‌ನೆಲ್ ಸಮಾಧಾನ ಹೇಳಬೇಕಾಯಿತು. ರಾಜಕುಮಾರಿಯ ಬಟ್ಟೆಯ ನೂಲಿನ ಕುಲಗೋತ್ರವನ್ನೇ ಜನ ವಿಚಾರಿಸಿದರೆಂದ ಮೇಲೆ, ನಮ್ಮ ಮನೆಯ ಮಗಳ ಸೀರೆಯ ನೂಲನ್ನು ವಿಚಾರಿಸಲು ಸಂಕೋಚವೇಕೆ?

ಹಾಗೆ ವಿಚಾರಿಸಿದರೆ ಉತ್ತರ ದೊರೆಯುವ ಸ್ಥಳ ಪಶ್ಚಿಮ ಬೆಂಗಳೂರಿನವರಿಗೆ ದೂರವಿಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರ. ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಹುಳು ಬೆಳೆಯುತ್ತದೆ. ಸುಮಾರು 25 ದಿನಗಳ ಆ ಜೀವನದಲ್ಲಿ ಅದು ನಾಲ್ಕು ಬಾರಿ ಚರ್ಮ ಕಳಚುತ್ತದೆ. ಆಗ ಅದು ಸೊಪ್ಪು ಮುಟ್ಟದೆ ಸುಮ್ಮನೆ ಮಲಗುವುದರಿಂದ ರೈತರು ಇದಕ್ಕೆ “ಜ್ವರ” ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಮನೆಯವರಿಗೆ ಹಗಲಿರುಳೂ ಸೊಪ್ಪು ಹೊರುವುದೇ ಕೆಲಸ. ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ.

ಒಂದು ಗೂಡೆಂದರೆ ಒಂದೇ ಎಳೆ. ಮೈಸೂರಿನ ನಾಡತಳಿಯ ಗೂಡಿನಲ್ಲಿ ಅದು ಕೆಲವು ನೂರು ಮೀಟರು. ಬಿಳಿಯ ದ್ವಿತಳಿ ಗೂಡಿನಲ್ಲಿ ಒಂದು ಕಿಲೋಮೀಟರಿನವರೆಗೂ ಉಂಟು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಹಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಸೇರಿಸಿ ನೂಲು ತೆಗೆಯುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕು. ಲೆಕ್ಕ ಹಾಕಿದರೆ ಅರ್ಧ ಕಿಲೋ ನೂಲಿನ ಒಂದು ಸೀರೆಗೆ ಎರಡು ಸಾವಿರಕ್ಕೂ ಮಿಕ್ಕಿದ ಗೂಡುಗಳಾದವು. ಪ್ರತಿಯೊಂದು ಗೂಡಿನೊಳಗೂ ಒಂದು ಜೀವವಿತ್ತು. ಈ ಮಾತು ಕೆಲವರ ಮನಸ್ಸನ್ನು ನೋಯಿಸುವುದುಂಟು. ಅಂಥವರಿಗಾಗಿ, ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂತ “ಅಹಿಂಸಾ ರೇಷ್ಮೆ” ಇದೆ. ಚಿಟ್ಟೆ ಗೂಡನ್ನು ತೂತುಮಾಡಿ ಬರುವುದರಿಂದ ಎಳೆ ತುಂಡಾಗಿರುತ್ತದೆ; ಅದನ್ನು ಹತ್ತಿಯಂತೆ ನೂಲಬೇಕು. ಹೊಳಪು ಸ್ವಲ್ಪ ಕಡಿಮೆ, ಮನಸ್ಸಿಗೆ ನೆಮ್ಮದಿ ಹೆಚ್ಚು.

ರೇಷ್ಮೆಯೇ ಬೇಕೆಂಬ ಕಟ್ಟಳೆಯೂ ಇಲ್ಲ. 1942ರಲ್ಲಿ ಇಂದಿರಾ ಗಾಂಧಿಯವರು ಮದುವೆಯಲ್ಲಿ ಉಟ್ಟದ್ದು, ತಂದೆ ನೆಹರೂ ಅವರು ಸೆರೆಮನೆಯಲ್ಲಿ ನೂತ ನೂಲಿನ ಸೀರೆ. ಬೆಲೆ ಕಟ್ಟಲಾಗದ ಸೀರೆಯೆಂದರೆ ಅದು.

ನೇಯ್ಗೆಯ ಪ್ರಶ್ನೆ

ನಾಡಿನ ಮದುವೆಮನೆಗಳಲ್ಲಿ ಮೊದಲ ಮಣೆ ಮೈಸೂರು ರೇಷ್ಮೆಗೆ. ಟಿಪ್ಪುಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ರೇಷ್ಮೆಯ ಕಸುಬು ಬಂದು ನೆಲೆಯೂರಿತು. ಜಮ್‌ಷೆಡ್‌ಜಿ ಟಾಟಾ ಅವರು ಜಪಾನೀಯರ ನೆರವಿನಿಂದ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ತೋಟದ ನೆನಪು ಬಸವನಗುಡಿಯ ಬಳಿ “ಟಾಟಾ ಸಿಲ್ಕ್ ಫಾರಂ” ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರಮಗ್ಗಗಳೊಡನೆ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ವಶದಲ್ಲಿದೆ. ಮೈಸೂರು ರೇಷ್ಮೆ ಕೈಮಗ್ಗದ್ದೆಂದು ತಿಳಿದವರು ಅನೇಕರು. ಅದು ಮೊದಲಿನಿಂದಲೂ ಯಂತ್ರಮಗ್ಗದ ಕೂಸು. ಅದರಿಂದ ಅದರ ಮರ್ಯಾದೆಗೇನೂ ಕುಂದಿಲ್ಲ.

ಅದರ ಗುಟ್ಟು ಇರುವುದು ಹುರಿಯಲ್ಲಿ. ಹೊಕ್ಕಿನ ನೂಲನ್ನು ಬಿಗಿಯಾಗಿ, ಕೆಲವನ್ನು ಬಲಕ್ಕೆ ಕೆಲವನ್ನು ಎಡಕ್ಕೆ ಹುರಿಮಾಡಿ ನೆಯ್ಯುತ್ತಾರೆ. ನೆಯ್ದ ಮೇಲೆ ಬಟ್ಟೆಯನ್ನು ಕುದಿಸಿ, ರೇಷ್ಮೆಯ ಮೇಲಿನ ಸಹಜವಾದ ಅಂಟನ್ನು ತೆಗೆಯುತ್ತಾರೆ. ಈ ಅಂಟೇ ನೂಲಿನ ತೂಕದಲ್ಲಿ ಕಾಲು ಪಾಲಿನಷ್ಟು ಇರುತ್ತದೆ. ಅಂಟು ಬಿಟ್ಟೊಡನೆ, ಬಿಗಿದಿದ್ದ ಹುರಿಗಳು ಎರಡು ದಿಕ್ಕಿಗೂ ಸೆಳೆದು, ಬಟ್ಟೆಯ ಮೈ ನವುರಾಗಿ ಸುಕ್ಕುಗೊಳ್ಳುತ್ತದೆ. ಇದೇ ಕ್ರೇಪ್. ಕೈಯಿಂದ ಜಾರುವ, ಮೈಗೆ ಹೊಂದಿಕೊಳ್ಳುವ ಗುಣ ಅದಕ್ಕೆ ಬಂದದ್ದು ಹೀಗೆ. ಸಾಮಾನ್ಯವಾಗಿ ಬಣ್ಣ ಹಾಕುವುದು ನೆಯ್ದಾದ ಮೇಲೆ. ಆದ್ದರಿಂದಲೇ ಹಳೆಯ ಬಗೆಯ ಮೈಸೂರು ಸೀರೆಯಲ್ಲಿ ಒಡಲಿಗೆಲ್ಲ ಒಂದೇ ಬಣ್ಣ, ಅಂಚಿಗೆ ಬರಿಯ ಜರಿ.

ಕಾಂಚೀಪುರದ ಸೀರೆ ಇದಕ್ಕೆ ತೀರ ವಿರುದ್ಧ. ಅಲ್ಲಿ ನೂಲಿಗೇ ಮೊದಲು ಬಣ್ಣ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರಬೇಕಾದರೆ, ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಎರಡು ಲಾಳಿ, ಹೀಗೆ ಮೂರು ಲಾಳಿಗಳು ಓಡಬೇಕು. ಒಬ್ಬ ನೇಕಾರನ ಎರಡು ಕೈ ಸಾಲದೆ ಪಕ್ಕದಲ್ಲಿ ಸಹಾಯಕನೊಬ್ಬನು ಕುಳಿತಿರುತ್ತಾನೆ. ಒಡಲಿನ ಎಳೆಯೂ ಅಂಚಿನ ಎಳೆಯೂ ಪ್ರತಿಸಾಲಿನಲ್ಲಿಯೂ ಒಂದನ್ನೊಂದು ಕೊಕ್ಕೆ ಹಾಕಿಕೊಳ್ಳುವ ಈ ಜೋಡಣೆಗೆ ಕೋರ್ವೈ ಎಂದು ಹೆಸರು. ಸೀರೆಯನ್ನು ತಿರುವಿ ನೋಡಿದರೆ ಅಂಚು ಒಡಲನ್ನು ಸೇರುವಲ್ಲಿ ಸಣ್ಣ ಹಲ್ಲುಗಳಂಥ ಗೆರೆ ಕಾಣುತ್ತದೆ. ಒಡಲು ಹಳತಾಗಿ ಸವೆದರೂ ಅಂಚು ಗಟ್ಟಿಯಾಗಿ ನಿಲ್ಲುವ ನೇಯ್ಗೆ ಇದು. ಎರಡು ಕುಟುಂಬಗಳನ್ನು ಹೆಣೆಯುವ ದಿನಕ್ಕೆ ತಕ್ಕ ಬಟ್ಟೆಯೆಂದೇ ಹೇಳಬೇಕು.

ಉತ್ತರ ಕರ್ನಾಟಕದಿಂದ ಬಂದು ವಿಜಯನಗರ, ರಾಜಾಜಿನಗರಗಳಲ್ಲಿ ನೆಲಸಿದ ಕುಟುಂಬಗಳಿಗೆ ಇಳಕಲ್ಲಿನ ಸೀರೆಯಿಲ್ಲದೆ ಮದುವೆ ಮದುವೆಯಲ್ಲ. ಬಾಗಲಕೋಟೆ ಜಿಲ್ಲೆಯ ಈ ಊರಿನ ನೇಕಾರರದು ಬೇರೊಂದು ಜಾಣ್ಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ಹಾಸಿದ್ದರೂ ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಯಂತೆ ಮೂಡುವ ಚಿತ್ರಕ್ಕೆ ಟೋಪ ತೆನಿ ಎನ್ನುತ್ತಾರೆ. ಗೋಮಿ, ಗಾಡಿ, ಚಿಕ್ಕಿ ಪರಾಸ ಎಂದು ಅಂಚುಗಳಿಗೂ ಹೆಸರುಗಳುಂಟು. ಇನ್ನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಸೀರೆಯ ಅಂಚಿನಲ್ಲಿ ಗೋಪುರಗಳು ಸಾಲಾಗಿ ನಿಲ್ಲುತ್ತವೆ. ಇಷ್ಟು ಹತ್ತಿರದಲ್ಲಿದ್ದೂ ರಾಜಧಾನಿಯ ಅಂಗಡಿಗಳಲ್ಲಿ ಅದನ್ನು ಹೆಸರು ಹಿಡಿದು ಕೇಳುವವರು ವಿರಳ.

ಸಂಪ್ರದಾಯಗಳೂ ಬಗೆಬಗೆ. ಹಳೆಯ ಮೈಸೂರಿನ ಅನೇಕ ಒಕ್ಕಲಿಗ ಮನೆತನಗಳಲ್ಲಿ ಧಾರೆಯ ಹೊತ್ತಿಗೆ ಬಿಳಿಯ ಒಡಲಿನ, ಕೆಂಪಂಚಿನ ಸೀರೆ. ಕೊಡವರ ವಧು ಕೆಂಪು ಸೀರೆಯನ್ನು ನಿರಿಗೆ ಹಿಂದಕ್ಕೆ ಬರುವಂತೆ ಉಡುತ್ತಾಳೆ. ಹೀಗೆ ಒಂದೊಂದು ಸೀರೆಯ ಹಿಂದೆಯೂ ಒಂದೊಂದು ಸೀಮೆಯಿದೆ.

ಜರಿಯ ಪ್ರಶ್ನೆ

ಮೂರು ಪ್ರಶ್ನೆಗಳಲ್ಲಿ ಹೆಚ್ಚು ಮೋಸ ನಡೆಯುವುದು ಇಲ್ಲಿ. ನಿಜವಾದ ಜರಿಯೆಂದರೆ, ಬೆಳ್ಳಿಯ ತಂತಿಯನ್ನು ಕೂದಲಿಗಿಂತ ತೆಳ್ಳಗೆ ಎಳೆದು, ಚಪ್ಪಟೆಯಾಗಿ ಬಡಿದು, ರೇಷ್ಮೆಯ ಎಳೆಯ ಮೇಲೆ ಸುತ್ತಿ, ಚಿನ್ನದ ನೀರು ಕೊಟ್ಟದ್ದು. ಒಳಗಿನ ಎಳೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಕಟ್ಟಿರುತ್ತಾರೆ. ಅದರಿಂದ ಚಿನ್ನದ ಹೊಳಪಿಗೆ ಕಾವೇರುತ್ತದೆ. ಗುಜರಾತಿನ ಸೂರತ್ತು ಈ ಕಸುಬಿನ ತವರು. ಮೈಸೂರು ರೇಷ್ಮೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಎಂಬುದು ನಿಗಮದ ಘೋಷಣೆ.

ಎರಡನೆಯದು, ಅಂಗಡಿಯ ಭಾಷೆಯಲ್ಲಿ “ಟೆಸ್ಟೆಡ್ ಜರಿ”. ಹೆಸರು ಕೇಳಿದವರು ಪರೀಕ್ಷೆಯಲ್ಲಿ ತೇರ್ಗಡೆಯಾದ ಜರಿಯೆಂದು ತಿಳಿಯುತ್ತಾರೆ. ಅದರಲ್ಲಿರುವುದು ತಾಮ್ರದ ತಂತಿ. ಮೇಲೆ ಬೆಳ್ಳಿಯ ತೆಳ್ಳನೆಯ ಲೇಪ. ಮೂರನೆಯದು ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯನ್ನು ಸೀಳಿ ಮಾಡಿದ ಎಳೆ. ಇವುಗಳಲ್ಲಿ ಯಾವುದೂ ಪಾಪವಲ್ಲ. ತಾಮ್ರದ ಜರಿಯನ್ನು ತಾಮ್ರದ ಬೆಲೆಗೆ ಮಾರಿದರೆ ಅದು ಪ್ರಾಮಾಣಿಕವಾದ ವ್ಯಾಪಾರ. ಬೆಳ್ಳಿಯ ಬೆಲೆಗೆ ಮಾರಿದರೆ ಮಾತ್ರ ಅದಕ್ಕೆ ಬೇರೆ ಹೆಸರಿದೆ.

ಅಂಗಡಿಯಲ್ಲಿ ನಡೆಯುವ ಸಂಭಾಷಣೆಯನ್ನು ಊಹಿಸಿಕೊಳ್ಳಬಹುದು.

“ಪ್ಯೂರ್ ಸಿಲ್ಕ್, ಅಮ್ಮಾವ್ರೆ. ಕಣ್ಮುಚ್ಚಿಕೊಂಡು ತಗೊಂಡ್ಹೋಗಿ.”

“ಕಣ್ಣು ತೆರೆದುಕೊಂಡೇ ತಗೊಳ್ಳೋಣ ಅಂತ ಬಂದೆವಪ್ಪ. ಸಿಲ್ಕ್ ಮಾರ್ಕ್ ಚೀಟಿ ಎಲ್ಲಿ?”

“ಅದು... ಒಳಗಿನ ಸ್ಟಾಕಿಗೆ ಇರುತ್ತೆ ಅಮ್ಮಾವ್ರೆ.”

“ಹಾಗಾದರೆ ಒಳಗಿನ ಸ್ಟಾಕೇ ತೋರಿಸಿ. ಜರಿ ಯಾವುದು ಅನ್ನೋದನ್ನ ಬಿಲ್ಲಿನಲ್ಲೂ ಬರೆದುಕೊಡಿ.”

ಈ ನಾಲ್ಕು ಮಾತುಗಳಿಂದ ಅಂಗಡಿಯವನಿಗೆ ಕೋಪ ಬರುವುದಿಲ್ಲ. ಮರ್ಯಾದಸ್ಥನಾದರೆ ಸಂತೋಷವೇ ಆಗುತ್ತದೆ. 2004ರಿಂದ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ “ಸಿಲ್ಕ್ ಮಾರ್ಕ್” ಎಂಬ ಚೀಟಿ ಜಾರಿಯಲ್ಲಿದೆ. ಅದು ನೂಲು ಅಪ್ಪಟ ರೇಷ್ಮೆಯೆಂಬುದಕ್ಕೆ ಸಾಕ್ಷಿ. ಜರಿಯ ವಿಷಯದಲ್ಲಿ ಅದು ಏನೂ ಹೇಳುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಸೆರಗಿನ ತುದಿಯ ಕುಚ್ಚಿನಿಂದ ಎರಡು ಮೂರು ಎಳೆಗಳನ್ನು ಕಿತ್ತು, ಚಿಮ್ಮಟದಲ್ಲಿ ಹಿಡಿದು ಜ್ವಾಲೆಗೆ ಒಡ್ಡಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿಯ ಬೂದಿ ಉಳಿಯುತ್ತದೆ. ರೇಯಾನ್ ಎಂಬ ಕೃತಕ ರೇಷ್ಮೆಯಾದರೆ ಕಾಗದ ಉರಿದಂತೆ ಉರಿಯುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಜರಿಯ ಒಂದು ಎಳೆಯನ್ನು ಉಗುರಿನಿಂದ ಕೆರೆದರೆ ಒಳಗೆ ಕೆಂಪು ರೇಷ್ಮೆ ಕಾಣುವುದು ಒಳ್ಳೆಯ ಲಕ್ಷಣ. ಆದರೆ ಅದೊಂದನ್ನೇ ನಂಬುವಂತಿಲ್ಲ. ಸಂದೇಹವಿದ್ದರೆ ಲೋಹವನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮಗ್ಗದ ಸದ್ದು

ಇಷ್ಟೆಲ್ಲ ವಿಚಾರಣೆ ಹಣ ಉಳಿಸುವುದಕ್ಕಾಗಿ ಮಾತ್ರವೇ? ಅಲ್ಲ. ಪಶ್ಚಿಮ ಬೆಂಗಳೂರು ಬಟ್ಟೆಯನ್ನು ಉಡುವ ಊರು ಮಾತ್ರವಲ್ಲ, ನೆಯ್ದ ಊರೂ ಹೌದು. ಮಾಗಡಿ ರಸ್ತೆಯ ಬಳಿಯ ಬಿನ್ನಿ ಗಿರಣಿಯ ಮೂಲ 1884ರಷ್ಟು ಹಿಂದಿನದು. ಹತ್ತಿ, ಉಣ್ಣೆ, ರೇಷ್ಮೆ ಮೂರೂ ಅದರ ಪೂರ್ಣನಾಮದಲ್ಲಿದ್ದವು. ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ, ಗಿರಣಿ ಉಳಿದಿಲ್ಲ. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರವೂ ಕೈಗಾರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದ ಬಡಾವಣೆ. ಮಾಗಡಿ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಮನೆಯ ಕೆಳಗೊಂದು ಕೋಣೆಯಲ್ಲಿ ನಾಲ್ಕೈದು ಯಂತ್ರಮಗ್ಗಗಳನ್ನಿಟ್ಟುಕೊಂಡು ರೇಷ್ಮೆ ಸೀರೆ ನೆಯ್ದ ಕುಟುಂಬಗಳು ಎಷ್ಟೋ. ಮಗ್ಗದ ಸದ್ದಿನಲ್ಲಿಯೇ ಮಕ್ಕಳು ಪಾಠ ಓದಿದ ಮನೆಗಳು ಅವು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ಮದುವೆಗಳು ನಿಂತಾಗ ಆ ಸದ್ದೂ ನಿಂತಿತು. ನೆಯ್ದ ಸೀರೆಗಳು ಕಪಾಟಿನಲ್ಲಿ ಉಳಿದವು. ಮದುವೆಮನೆಯ ಓಲಗಕ್ಕೂ ಮಗ್ಗದ ಸದ್ದಿಗೂ ಇಷ್ಟು ಹತ್ತಿರದ ನಂಟು.

ಕೊಳ್ಳುವವರಿಗೆ ಅಸಲು ನಕಲುಗಳ ಭೇದ ತಿಳಿಯದಿದ್ದರೆ ಸೋಲುವವನು ಅಂಗಡಿಯವನಲ್ಲ. ಸೋಲುವವನು ಅಸಲನ್ನು ನೆಯ್ಯುವವನು. ಮೂರು ಲಾಳಿಗಳ ಸೀರೆಗೆ ಹಲವು ದಿನ ಕುಳಿತವನೂ, ಅದರ ಚಿತ್ರವನ್ನು ಕೃತಕ ನೂಲಿನಲ್ಲಿ ಕೆಲವೇ ತಾಸುಗಳಲ್ಲಿ ಅಚ್ಚಿಳಿಸಿದವನೂ ಒಂದೇ ಕಟ್ಟೆಯ ಮೇಲೆ, ಒಂದೇ ಹೆಸರಿನಲ್ಲಿ ನಿಂತರೆ, ಮೊದಲನೆಯವನು ಎಷ್ಟು ದಿನ ನಿಂತಾನು? ಅವನ ಮಗ ಮಗ್ಗವನ್ನು ಗುಜರಿಗೆ ಹಾಕಿ ಬೇರೆ ಕೆಲಸ ಹುಡುಕುವುದು ಸಹಜವೇ ಸರಿ. ಗ್ರಾಹಕರ ತಿಳಿವಳಿಕೆ ನೇಕಾರನ ಅನ್ನ.

ಕಡೆಯದಾಗಿ ಕಾಪಾಡುವ ಮಾತು. ಜರಿಯ ಸೀರೆಯನ್ನು ತಂತಿಯ ಹ್ಯಾಂಗರಿಗೆ ತೂಗುಹಾಕಬಾರದು. ಭಾರಕ್ಕೆ ಒಡಲು ಜಗ್ಗುತ್ತದೆ. ತೆಳುವಾದ ಬಿಳಿಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಕೆಲವು ತಿಂಗಳಿಗೊಮ್ಮೆ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆಯನ್ನು ಬದಲಿಸಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಗೆರೆಯಲ್ಲಿಯೇ ಸೀರೆ ಸೀಳುತ್ತದೆ. ಅತ್ತರು, ಬೆವರು, ತೇವ ಇವು ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ನುಸಿಗುಳಿಗೆ ಜರಿಗೆ ತಗಲದಂತೆ ನೋಡಿಕೊಳ್ಳಬೇಕು.

“ಹಳೇ ಜರಿ ಸೀರೆ ಕೊಳ್ತೀವಿ” ಎಂದು ಬೀದಿಯಲ್ಲಿ ಕೂಗುತ್ತ ಬರುವವರಿಗೆ ಅಜ್ಜಿಯ ಧಾರೆಯ ಸೀರೆಯನ್ನು ಒಂದು ಸ್ಟೀಲಿನ ಕೊಳಗಕ್ಕೋ ಒಂದಿಷ್ಟು ನೋಟಿಗೋ ಕೊಟ್ಟುಬಿಟ್ಟ ಮನೆಗಳು ಅನೇಕ. ಕೊಂಡವರು ಅದನ್ನು ಉಡುವುದಕ್ಕೆ ಒಯ್ಯುವುದಿಲ್ಲ. ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹೂವಿನಂತಿದ್ದ ಒಡಲು ಬೂದಿಯಾಗುತ್ತದೆ. ಒಡಲು ಸವೆದಿದ್ದರೆ ಅಂಚನ್ನು ಬಿಡಿಸಿ ಹೊಸ ಬಟ್ಟೆಗೆ ಹೊಲಿಸಬಹುದು. ಸೆರಗನ್ನು ಮೊಮ್ಮಗಳ ಲಂಗಕ್ಕೆ ಕೂಡಿಸಬಹುದು. ಏನೂ ಆಗದಿದ್ದರೆ ದೇವರ ಪೀಠಕ್ಕೆ ಹಾಸಬಹುದು. ಆ ಸೀರೆಯನ್ನು ಕೊಂಡ ಕಾಲದಲ್ಲಿ ಅಜ್ಜಿಯ ತಂದೆ ಎಷ್ಟು ಸಾಲ ಮಾಡಿದ್ದರೋ, ನೇಕಾರನ ಮನೆಯಲ್ಲಿ ಎಷ್ಟು ದೀಪ ಉರಿದಿದ್ದವೋ.

ಈ ವರ್ಷ ಮನೆಯಲ್ಲಿ ಮದುವೆಯಿರುವವರು ಜವಳಿಗೆ ಹೊರಡುವ ಮುನ್ನ ಪೆಟ್ಟಿಗೆ ತೆರೆದು ಹಳೆಯ ಸೀರೆಯೊಂದನ್ನು ಕೈಯಲ್ಲಿ ಮುಟ್ಟಿ ನೋಡಲಿ. ಅದರ ನೂಲಿನ ತಣ್ಪು, ಹಿಂಬದಿಯ ಹೆಣಿಗೆ, ಜರಿಯ ತೂಕ ಇವುಗಳನ್ನು ಬೆರಳು ಒಮ್ಮೆ ಕಲಿತರೆ ಮರೆಯುವುದಿಲ್ಲ. ಬಳಿಕ ಅಂಗಡಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಲಿ. ಬೆಲೆಯ ಪ್ರಶ್ನೆ ನಾಲ್ಕನೆಯದಾಗಿ ಬಂದರೆ ಸಾಕು.